ಮೂಗಿಗಿಂತ ಮೂಗುತಿ ಭಾರ: ಸಿಂಗಪುರದಲ್ಲಿ ಕಾರು ಕೊಳ್ಳುವ ಲೆಕ್ಕ

‘ಮಗ ಸಿಂಗಪುರದಲ್ಲಿ ಎಂಜಿನಿಯರ್, ಹೋಗಿ ಮೂರು ವರ್ಷವಾಯಿತು’ ಎಂದು ಹೇಳಿಕೊಳ್ಳುವ ತಂದೆತಾಯಿಗಳಿಗೆ ಮದುವೆ ಮನೆಗಳಲ್ಲಿ ತಪ್ಪದೆ ಎದುರಾಗುವ ಪ್ರಶ್ನೆಯೊಂದಿದೆ: ‘ಕಾರು ತಗೊಂಡನೇನು?’ ಇಲ್ಲವೆಂದರೆ ಕೇಳಿದವರ ಮುಖದಲ್ಲಿ ಸಣ್ಣದೊಂದು ಅನುಮಾನ ಸುಳಿದು ಹೋಗುತ್ತದೆ. ಅಮೆರಿಕಕ್ಕೆ ಹೋದ ಹುಡುಗರು ಆರು ತಿಂಗಳೊಳಗೆ ಕಾರಿಗೆ ಒರಗಿ ನಿಂತ ಫೋಟೋ ಕಳಿಸುತ್ತಾರೆ. ಇವನು ನೋಡಿದರೆ ಇನ್ನೂ ರೈಲಿನಲ್ಲೇ ಓಡಾಡುತ್ತಿದ್ದಾನೆ. ಸಂಬಳ ಹೇಳಿದಷ್ಟು ಇಲ್ಲವೋ ಏನೋ!

ಅನುಮಾನ ಪಡುವವರಿಗೆ ಗೊತ್ತಿಲ್ಲದ ಸಂಗತಿಯೆಂದರೆ, ಸಿಂಗಪುರದಲ್ಲಿ ಕಾರಿನ ಬೆಲೆಯಷ್ಟು ದುಡ್ಡಿದ್ದರೆ ಕಾರು ಬರುವುದಿಲ್ಲ. ಅಲ್ಲಿ ಮೊದಲು ಕಾರು ಇಟ್ಟುಕೊಳ್ಳುವ ಹಕ್ಕನ್ನು ಹರಾಜಿನಲ್ಲಿ ಪಡೆಯಬೇಕು, ಆಮೇಲೆ ಕಾರು. ಆ ಹಕ್ಕಿನ ಚೀಟಿಗೆ ಸಣ್ಣ ಕಾರಿನ ಅಸಲು ಬೆಲೆಗಿಂತ ಐದು ಪಟ್ಟು ಬೆಲೆ ಬಿದ್ದ ದಿನಗಳೂ ಇವೆ. ಅಷ್ಟು ಕೊಟ್ಟರೂ ಹಕ್ಕು ಉಳಿಯುವುದು ಹತ್ತೇ ವರ್ಷ. ಮೂಗಿಗಿಂತ ಮೂಗುತಿ ಭಾರ ಎಂಬ ನಮ್ಮ ಗಾದೆ ಆ ದ್ವೀಪದ ಕಾರುಗಳನ್ನು ನೋಡಿಯೇ ಹುಟ್ಟಿತೋ ಎನ್ನುವಂತಿದೆ.

ಹೀಗೇಕೆ ಎಂದು ತಿಳಿಯಲು ಮೊದಲು ನಕ್ಷೆ ನೋಡಬೇಕು. ಸಿಂಗಪುರದ ಒಟ್ಟು ವಿಸ್ತೀರ್ಣ ಸುಮಾರು 735 ಚದರ ಕಿಲೋಮೀಟರ್. ಸಮುದ್ರಕ್ಕೆ ಮಣ್ಣು ತುಂಬಿ ಗಿಟ್ಟಿಸಿಕೊಂಡ ನೆಲವೂ ಇದರಲ್ಲಿ ಸೇರಿದೆ. ಹೆಚ್ಚುಕಡಿಮೆ ನಮ್ಮ ಬೆಂಗಳೂರು ಮಹಾನಗರದಷ್ಟೇ ಎನ್ನಿ. ಜನಸಂಖ್ಯೆ 2024ರಲ್ಲಿ 60 ಲಕ್ಷ ಮುಟ್ಟಿತು. ಬೆಂಗಳೂರು ತುಂಬಿದರೆ ಅದು ಹೊಸಕೋಟೆ, ನೆಲಮಂಗಲ, ಬಿಡದಿಗಳ ಕಡೆಗೆ ಕಾಲು ಚಾಚುತ್ತದೆ. ಸಿಂಗಪುರ ಚಾಚಬೇಕೆಂದರೆ ಸುತ್ತಲೂ ನೀರು. ಇರುವ ನೆಲದಲ್ಲಿ ಶೇಕಡಾ 12ರಷ್ಟನ್ನು ರಸ್ತೆಗಳೇ ನುಂಗಿವೆ. ಮನೆಗಳಿಗೆ ಸಿಕ್ಕಿರುವುದು ಶೇಕಡಾ 14. ಅಂದರೆ ಜನ ಮಲಗುವ ಜಾಗಕ್ಕೂ ಗಾಡಿ ಓಡುವ ಜಾಗಕ್ಕೂ ಅಂತರ ಅಷ್ಟೇ. ಇನ್ನೊಂದು ರಸ್ತೆ ಬೇಕೆಂದರೆ ಯಾವುದನ್ನು ಒಡೆಯುವುದು?

ಈ ಚಿಂತೆ ಅಲ್ಲಿನ ಸರ್ಕಾರಕ್ಕೆ ಬಹಳ ಹಿಂದೆಯೇ ಹತ್ತಿತು. 1975ರ ಜೂನ್‌ನಲ್ಲಿ, ಬೆಳಗಿನ ಹೊತ್ತು ನಗರದ ನಡುಭಾಗಕ್ಕೆ ಬರುವ ಕಾರುಗಳು ದಿನಕ್ಕೆ 3 ಡಾಲರ್ ಕೊಟ್ಟು ಚೀಟಿ ಅಂಟಿಸಿಕೊಳ್ಳಬೇಕೆಂಬ ನಿಯಮ ಬಂತು. ಕಾರಿನಲ್ಲಿ ನಾಲ್ವರಿದ್ದರೆ ಚೀಟಿ ಬೇಡ. ಜನ ಎಲ್ಲಿದ್ದರೂ ಜನವೇ! ಬಸ್ ನಿಲ್ದಾಣದಲ್ಲಿ ನಿಂತ ಅಪರಿಚಿತರನ್ನು ಕರೆಕರೆದು ಹತ್ತಿಸಿಕೊಂಡು ಮೂರು ಡಾಲರ್ ಉಳಿಸುವ ಚಾಲಕರು ಹುಟ್ಟಿಕೊಂಡರು. ಕಾರಿನ ಮೇಲೆ ತೆರಿಗೆ ಏರಿಸಿದ್ದೂ ಆಯಿತು. ಆದರೆ ಸಂಬಳ ಏರುತ್ತಿದ್ದ ದೇಶದಲ್ಲಿ ತೆರಿಗೆಗೆ ಯಾರು ಹೆದರುತ್ತಾರೆ? ಕಾರುಗಳು ಹೆಚ್ಚುತ್ತಲೇ ಹೋದವು.

ಅರ್ಥಶಾಸ್ತ್ರ ಓದುವ ವಿದ್ಯಾರ್ಥಿಗಳು ಇಲ್ಲಿ ಒಂದು ಕ್ಷಣ ನಿಲ್ಲಬೇಕು. ತೆರಿಗೆ ಹಾಕಿದರೆ ಬೆಲೆ ಎಷ್ಟೆಂದು ಮೊದಲೇ ಗೊತ್ತಿರುತ್ತದೆ, ಎಷ್ಟು ಕಾರು ರಸ್ತೆಗಿಳಿಯುತ್ತವೆ ಎಂಬುದು ಗೊತ್ತಿರುವುದಿಲ್ಲ. ಇದನ್ನು ತಿರುಗುಮುರುಗು ಮಾಡಿದರೆ ಹೇಗೆ? ಎಷ್ಟು ಕಾರು ಎಂಬುದನ್ನು ಸರ್ಕಾರ ನಿಗದಿ ಮಾಡಲಿ, ಬೆಲೆಯನ್ನು ಕೊಳ್ಳುವವರೇ ಗೊತ್ತುಮಾಡಿಕೊಳ್ಳಲಿ. 1990ರ ಮೇ 1ರಂದು ಸಿಂಗಪುರ ಮಾಡಿದ್ದು ಇದನ್ನೇ. ಅಂದಿನಿಂದ ಪ್ರತಿ ಹೊಸ ವಾಹನಕ್ಕೂ ‘ಸರ್ಟಿಫಿಕೇಟ್ ಆಫ್ ಎನ್‌ಟೈಟಲ್‌ಮೆಂಟ್’ ಎಂಬ ಹಕ್ಕುಪತ್ರ ಬೇಕು. ಅಲ್ಲಿನವರ ಬಾಯಲ್ಲಿ ಅದು ಸಿ.ಓ.ಇ.

ಎರಡು ಡಾಲರಿನಿಂದ ಲಕ್ಷ ಡಾಲರಿಗೆ

ಹರಾಜು ತಿಂಗಳಿಗೆ ಎರಡು ಸಲ. ಸೋಮವಾರ ಮಧ್ಯಾಹ್ನ 12 ಗಂಟೆಗೆ ತೆರೆದು ಬುಧವಾರ ಸಂಜೆ 4ಕ್ಕೆ ಮುಚ್ಚುತ್ತದೆ. ಸಣ್ಣ ಕಾರು, ದೊಡ್ಡ ಕಾರು, ಲಾರಿ-ಬಸ್ಸು, ಮೋಟಾರ್ ಸೈಕಲ್ ಎಂದು ಬೇರೆ ಬೇರೆ ವರ್ಗಗಳಿವೆ; ಮೋಟಾರ್ ಸೈಕಲ್ ಬಿಟ್ಟು ಯಾವುದಕ್ಕೆ ಬೇಕಾದರೂ ಬಳಸಬಹುದಾದ ಮುಕ್ತ ವರ್ಗವೂ ಒಂದಿದೆ. ಕಾರಿಗೆ ಬಿಡ್ ಮಾಡಲು 10,000 ಡಾಲರ್ ಠೇವಣಿ. ಹೆಚ್ಚಿನವರ ಪರವಾಗಿ ಕಾರು ಮಾರುವ ಡೀಲರುಗಳೇ ಬಿಡ್ ಮಾಡುತ್ತಾರೆ.

ಇದು ನಮ್ಮ ತರಕಾರಿ ಮಂಡಿಯ ಕೂಗು ಹರಾಜಿನಂತಲ್ಲ. ಐದು ಚೀಟಿಗಳಿಗೆ ಎಂಟು ಜನ ಬಂದಿದ್ದಾರೆಂದು ಇಟ್ಟುಕೊಳ್ಳಿ. ಅವರು ಒಪ್ಪಿದ ಗರಿಷ್ಠ ಬೆಲೆ ಕ್ರಮವಾಗಿ 100, 95, 90, 80, 75, 60, 50, 40. ಮೊದಲ ಐವರಿಗೆ ಚೀಟಿ ಸಿಗುತ್ತದೆ. ಆದರೆ ನೂರು ಎಂದವನು ನೂರು ಕೊಡಬೇಕಾಗಿಲ್ಲ. ಚೀಟಿ ಸಿಗದವರ ಪೈಕಿ ಅತಿ ಹೆಚ್ಚು ಹೇಳಿದವನದು 60. ಅದಕ್ಕೆ ಒಂದು ಡಾಲರ್ ಸೇರಿಸಿ 61. ಗೆದ್ದ ಐವರೂ ಕೊಡುವುದು ಇಷ್ಟೇ. ಸೋತವನೇ ಗೆದ್ದವರ ಬೆಲೆ ಕಟ್ಟುವ ವಿಚಿತ್ರ ಹರಾಜು ಇದು. ತರಗತಿಯಲ್ಲಿ ಐದು ಪೆನ್ಸಿಲ್ ಇಟ್ಟು ಆಡಿಸಿದರೆ ಎಂಟನೇ ತರಗತಿಯ ಮಕ್ಕಳಿಗೂ ಹತ್ತು ನಿಮಿಷದಲ್ಲಿ ಅರ್ಥವಾಗುತ್ತದೆ.

ಈ ನಿಯಮದ ಚಮತ್ಕಾರ ಪೂರ್ತಿ ಕಂಡದ್ದು 2008ರ ನವೆಂಬರ್‌ನಲ್ಲಿ. ಜಗತ್ತಿನ ಬ್ಯಾಂಕುಗಳು ತತ್ತರಿಸುತ್ತಿದ್ದ ಕಾಲ, ಕೊಳ್ಳುವವರೇ ಇಲ್ಲ. ಸಣ್ಣ ಕಾರಿನ ಹಕ್ಕುಪತ್ರ 2 ಡಾಲರಿಗೆ ಇಳಿಯಿತು. ಒಂದು ಡಾಲರ್ ಬಿಡ್ ಮಾಡಿದವನಿಗೆ ಚೀಟಿ ಸಿಗಲಿಲ್ಲ, ಅವನಿಗಿಂತ ಒಂದು ಹೆಚ್ಚು ಎರಡು! ಅದೇ ಹಕ್ಕುಪತ್ರಕ್ಕೆ 2013ರ ಜನವರಿಯಲ್ಲಿ 92,100 ಡಾಲರ್. 2023ರ ಅಕ್ಟೋಬರ್‌ನಲ್ಲಿ 1,06,000. ದೊಡ್ಡ ಕಾರಿನದು ಅದೇ ವಾರ ಒಂದೂವರೆ ಲಕ್ಷದ ಮೇಲೆ. ಚಿನ್ನವಾಗಲಿ ಅಡಿಕೆಯಾಗಲಿ ಈ ಪರಿ ಕುಣಿದದ್ದುಂಟೆ?

ಕುಣಿತಕ್ಕೆ ಕಾರಣವೂ ಇದೆ. ಹಳೆಯ ಕಾರು ರಸ್ತೆ ಬಿಟ್ಟರೆ ಅದರ ಜಾಗಕ್ಕೆ ಹೊಸ ಚೀಟಿ ಹುಟ್ಟುತ್ತದೆ. 2018ರ ಫೆಬ್ರವರಿಯಿಂದ ಕಾರುಗಳ ಸಂಖ್ಯೆಯ ಬೆಳವಣಿಗೆ ದರವನ್ನು ಸೊನ್ನೆಗೆ ಇಳಿಸಿದ್ದರಿಂದ, ಒಂದು ಹೋದರೇ ಇನ್ನೊಂದು ಎಂಬ ಲೆಕ್ಕ ಬಿಗಿಯಾಯಿತು. ಹೀಗಾಗಿ ಯಾವುದೋ ವರ್ಷ ಜನ ಮುಗಿಬಿದ್ದು ಕಾರು ಕೊಂಡರೆ, ಸರಿಯಾಗಿ ಹತ್ತು ವರ್ಷದ ನಂತರ ಅವೆಲ್ಲ ಒಟ್ಟಿಗೆ ಹೊರಬಿದ್ದು ಚೀಟಿಗಳ ಸುಗ್ಗಿಯಾಗುತ್ತದೆ. ಕೊಳ್ಳದ ವರ್ಷಗಳ ಹತ್ತು ವರ್ಷದ ನಂತರ ಬರಗಾಲ. ಬೆಟ್ಟಕ್ಕೆ ಕೂಗಿದ ದನಿ ತಡವಾಗಿ ಮರಳುವಂತೆ, ಇಲ್ಲಿ ಪ್ರತಿಧ್ವನಿಗೆ ಹತ್ತು ವರ್ಷ. ಈ ಏರಿಳಿತ ತಗ್ಗಿಸಲೆಂದು 2025ರ ಫೆಬ್ರವರಿಯಿಂದ ಕೆಲವು ವರ್ಷಗಳ ಅವಧಿಯಲ್ಲಿ 20,000ದವರೆಗೆ ಹೆಚ್ಚುವರಿ ಚೀಟಿಗಳನ್ನು ಬಿಡುವುದಾಗಿ ಸರ್ಕಾರ ಪ್ರಕಟಿಸಿತು.

ಬಿಲ್ಲು ನೋಡೋಣ

ಹಕ್ಕುಪತ್ರ ಒಂದೇ ಆಗಿದ್ದರೆ ಪರವಾಗಿರಲಿಲ್ಲ. ಒಂದು ಸಣ್ಣ ಕಾರನ್ನು ತೆಗೆದುಕೊಳ್ಳಿ. ಹಡಗಿನ ಬಾಡಿಗೆ, ವಿಮೆ ಸೇರಿ ಅದು ಸಿಂಗಪುರದ ಬಂದರಿಗೆ ಬಂದಿಳಿದಾಗ ಅದರ ಬೆಲೆ 20,000 ಡಾಲರ್ ಎಂದುಕೊಳ್ಳೋಣ. ಇದು ಅಸಲು. ಇದರ ಮೇಲೆ ಶೇ. 20 ಅಬಕಾರಿ ಸುಂಕ, 4,000. ಎರಡೂ ಸೇರಿದ ಮೊತ್ತದ ಮೇಲೆ ಶೇ. 9 ಸರಕು ಮತ್ತು ಸೇವಾ ತೆರಿಗೆ, 2,160. ನೋಂದಣಿ ಶುಲ್ಕ 350. ಸಾಲದೆಂಬಂತೆ ‘ಹೆಚ್ಚುವರಿ ನೋಂದಣಿ ಶುಲ್ಕ’ ಎಂಬುದೊಂದಿದೆ. ಅಸಲು ಬೆಲೆಯ ಮೊದಲ 20,000ಕ್ಕೆ ಅದು ನೂರಕ್ಕೆ ನೂರು, ಎಂದರೆ ಮತ್ತೊಂದು 20,000. ಕಾರು ದುಬಾರಿಯಾದಷ್ಟೂ ಈ ದರ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. 2023ರ ಫೆಬ್ರವರಿಯಲ್ಲಿ ಪರಿಷ್ಕರಿಸಿದಾಗ 80,000 ಮೀರಿದ ಭಾಗಕ್ಕೆ ಶೇ. 320 ಎಂದು ಗೊತ್ತುಮಾಡಿದರು. ಕಡೆಗೆ ಹಕ್ಕುಪತ್ರ, ಲೆಕ್ಕ ಸುಲಭವಾಗಲೆಂದು ಒಂದು ಲಕ್ಷ ಎನ್ನೋಣ.

ಕೂಡಿ ನೋಡಿ: 1,46,510 ಡಾಲರ್. ಮಾರುವವನ ಲಾಭ ಬೇರೆ. ಹೊಗೆಯ ಪ್ರಮಾಣ ನೋಡಿ ಕೊಡುವ ರಿಯಾಯಿತಿ ಅಥವಾ ಹಾಕುವ ದಂಡ ಬೇರೆ. ಒಂದು ಸಿಂಗಪುರ ಡಾಲರಿಗೆ 65 ರೂಪಾಯಿ ಎಂದು ಹಿಡಿದರೂ 95 ಲಕ್ಷ ರೂಪಾಯಿ ದಾಟಿತು. ಅಸಲು ಎಷ್ಟಿತ್ತು? 13 ಲಕ್ಷ. ಕರ್ನಾಟಕದಲ್ಲಿ 10ರಿಂದ 20 ಲಕ್ಷದೊಳಗಿನ ಕಾರಿಗೆ ಶೇ. 17 ಜೀವಾವಧಿ ತೆರಿಗೆ ಎಂದು ಗೊಣಗುವವರು ಈ ಬಿಲ್ಲನ್ನು ಎರಡು ಸಲ ಓದಬೇಕು.

ಇನ್ನು ಹಕ್ಕುಪತ್ರದ ಒಂದು ಲಕ್ಷವನ್ನು ಹತ್ತು ವರ್ಷಕ್ಕೆ ಭಾಗಿಸಿ. ದಿನಕ್ಕೆ 27 ಡಾಲರ್ ಚಿಲ್ಲರೆ. ಸುಮಾರು 1,780 ರೂಪಾಯಿ. ಕಾರು ನಿಂತಲ್ಲೇ ನಿಂತಿದ್ದರೂ ಸೂರ್ಯ ಹುಟ್ಟಿ ಮುಳುಗುವುದರೊಳಗೆ ಇಷ್ಟು ಕರಗುತ್ತದೆ. ಪೆಟ್ರೋಲು, ವಿಮೆ, ರಸ್ತೆ ತೆರಿಗೆ, ಮನೆಯ ಕೆಳಗೆ ನಿಲ್ಲಿಸುವುದಕ್ಕೆ ತಿಂಗಳ ಬಾಡಿಗೆ ಇದರಲ್ಲಿ ಸೇರಿಲ್ಲ. ಕಚೇರಿ ತೀರ ದೂರವಿಲ್ಲದಿದ್ದರೆ ಇದೇ ಹಣದಲ್ಲಿ ಟ್ಯಾಕ್ಸಿಯಲ್ಲಿ ಹೋಗಿಬರಬಹುದು. 1987ರಲ್ಲಿ ಆರಂಭವಾಗಿ ಬೆಳೆಯುತ್ತಲೇ ಬಂದ ಅಲ್ಲಿನ ಮೆಟ್ರೋ ರೈಲಿಗಂತೂ ಇದರ ಸಣ್ಣ ಪಾಲು ಸಾಕು.

ಸಾಲ ಮಾಡಿದರಾಯಿತಲ್ಲ ಎನ್ನಬಹುದು. ಅದಕ್ಕೂ ಕಡಿವಾಣವಿದೆ. 2016ರ ನಿಯಮದ ಪ್ರಕಾರ, ಅಸಲು ಬೆಲೆ 20,000 ಡಾಲರ್ ಮೀರದ ಕಾರಿಗೆ ಬ್ಯಾಂಕು ಕೊಡಬಹುದಾದದ್ದು ಹೆಚ್ಚೆಂದರೆ ಶೇ. 70, ಮೀರಿದರೆ ಶೇ. 60. ತೀರಿಸಲು ಗರಿಷ್ಠ ಏಳು ವರ್ಷ. ನಮ್ಮ ಉದಾಹರಣೆಯ ಕಾರಿಗೆ ಕೈಯಿಂದ 44,000 ಡಾಲರ್ ಹಾಕಬೇಕು. ಊರಿನಲ್ಲಿ ಸೈಟು ಕೊಳ್ಳಲೆಂದು ಕೂಡಿಟ್ಟ ಗಂಟು ಇಲ್ಲೇ ಬಿಚ್ಚಿತು.

ಎರಡು ಕಾಗದಗಳು, ಎರಡು ಅವಧಿ

ಇಷ್ಟೆಲ್ಲ ಕಷ್ಟ ಸಿಂಗಪುರದ ನಾಗರಿಕನಿಗೂ ಇದ್ದದ್ದೇ. ಹೊರಗಿನಿಂದ ಹೋದವನಿಗೆ ಇದರ ಜೊತೆಗೆ ಇನ್ನೊಂದು ಪೇಚು. ಅವನ ಕೈಯಲ್ಲಿ ಎರಡು ಕಾಗದಗಳಿರುತ್ತವೆ. ಕಾರು ರಸ್ತೆಯಲ್ಲಿರಲು ಅನುಮತಿ ಕೊಡುವ ಕಾಗದದ ಅವಧಿ ಹತ್ತು ವರ್ಷ. ಅವನು ಆ ದೇಶದಲ್ಲಿರಲು ಅನುಮತಿ ಕೊಡುವ ಕಾಗದ, ಅಂದರೆ ‘ಎಂಪ್ಲಾಯ್‌ಮೆಂಟ್ ಪಾಸ್’, ಮೊದಲ ಸಲ ಸಾಮಾನ್ಯವಾಗಿ ಹೆಚ್ಚೆಂದರೆ ಎರಡು ವರ್ಷ, ನವೀಕರಿಸಿದರೆ ಮೂರು. ಅದು ಕೆಲಸಕ್ಕೆ ಅಂಟಿಕೊಂಡ ಕಾಗದ. ಕೆಲಸ ಹೋದರೆ ಪಾಸೂ ಹೋಗುತ್ತದೆ. ಆಮೇಲೆ ಗಂಟುಮೂಟೆ ಕಟ್ಟಲು ಸಿಗುವುದು ತಿಂಗಳ ಕಾಲಾವಕಾಶ. ಆ ಒಂದು ತಿಂಗಳಲ್ಲಿ ಮಕ್ಕಳನ್ನು ಶಾಲೆ ಬಿಡಿಸಬೇಕು, ಬಾಡಿಗೆ ಮನೆಯ ಕರಾರು ಮುರಿಯಬೇಕು, 95 ಲಕ್ಷದ ಕಾರನ್ನೂ ಮಾರಬೇಕು. ಅವಸರದಲ್ಲಿ ಮಾರುವವನ ಮುಖವನ್ನು ಹಳೆ ಕಾರಿನ ವ್ಯಾಪಾರಿ ಬಾಗಿಲಲ್ಲೇ ಓದುತ್ತಾನೆ. ಸಾಲ ಕೊಡುವ ಬ್ಯಾಂಕುಗಳೂ ಪಾಸಿನ ಅವಧಿ ನೋಡಿಯೇ ಕಂತು ಕಟ್ಟುವುದುಂಟು.

ಆದ್ದರಿಂದ ಬಲ್ಲವರು ಹೊಸ ಕಾರಿನ ಗೋಜಿಗೆ ಹೋಗುವುದಿಲ್ಲ. ಏಳೆಂಟು ವರ್ಷ ಓಡಿ, ಹಕ್ಕುಪತ್ರದಲ್ಲಿ ಇನ್ನೆರಡು ಮೂರು ವರ್ಷ ಉಳಿದಿರುವ ಹಳೆ ಕಾರನ್ನು ಹುಡುಕುತ್ತಾರೆ. ಪಾಸು ಎಷ್ಟು ದಿನವೋ ಕಾರೂ ಅಷ್ಟೇ ದಿನ. ಎರಡು ಕಾಗದಗಳ ಅವಧಿ ಹೊಂದಿತೆಂದರೆ ಅರ್ಧ ತಲೆನೋವು ಇಳಿದಂತೆ. ಹಕ್ಕುಪತ್ರ ಕಾರಿನೊಂದಿಗೇ ಹೊಸ ಮಾಲೀಕನಿಗೆ ಹೋಗುವುದರಿಂದ ಮತ್ತೆ ಹರಾಜಿಗೆ ನಿಲ್ಲಬೇಕಾಗಿಲ್ಲ. ಅಲ್ಲಿನ ಹಳೆ ಕಾರಿನ ಜಾಹೀರಾತುಗಳನ್ನು ನೋಡಿದರೆ ಒಂದು ಸ್ವಾರಸ್ಯ ಕಾಣುತ್ತದೆ. ನಮ್ಮಲ್ಲಿ ‘ಒಬ್ಬರೇ ಮಾಲೀಕರು, ಇಷ್ಟು ಸಾವಿರ ಕಿಲೋಮೀಟರ್’ ಎಂದು ಹಾಕುವಂತೆ, ಅಲ್ಲಿ ಬೆಲೆಯ ಪಕ್ಕದಲ್ಲೇ ‘ವರ್ಷಕ್ಕೆ ಇಷ್ಟು ಡಾಲರ್ ಸವೆತ’ ಎಂದು ಮುದ್ರಿಸುತ್ತಾರೆ. ಯಾವ ಕಾರು ಅಗ್ಗ, ಯಾವುದು ದುಬಾರಿ ಎಂಬುದನ್ನು ಅದರಲ್ಲೇ ತೂಗಿ ನೋಡುತ್ತಾರೆ. ಒಟ್ಟು ಬೆಲೆ ಕಡಿಮೆ ಕಂಡ ಕಾರಿನ ಸವೆತ ವರ್ಷಕ್ಕೆ ಹೆಚ್ಚಿರುವುದುಂಟು. ಲಾಭ ನಷ್ಟದ ಪಾಠ ಓದಿ ಮರೆತವರಿಗೆ ಇಲ್ಲಿ ಪುನರಾವರ್ತನೆ.

ಹಾಗಾದರೆ ಯಾರೂ ಕೊಳ್ಳುವುದಿಲ್ಲವೇ? ಕೊಳ್ಳುತ್ತಾರೆ. ಪುಟ್ಟ ಮಕ್ಕಳಿದ್ದು, ಒಂದು ಕಡೆ ಶಾಲೆ, ಇನ್ನೊಂದು ಕಡೆ ಶಿಶುವಿಹಾರ, ಮತ್ತೊಂದು ಮೂಲೆಯಲ್ಲಿ ಗಂಡನ ಕಚೇರಿ, ಮಗದೊಂದರಲ್ಲಿ ಹೆಂಡತಿಯದು ಎಂದಾಗ ಲೆಕ್ಕ ಬದಲಾಗುತ್ತದೆ. ಮೊಣಕಾಲು ನೋವಿನ ತಾಯಿ ಊರಿನಿಂದ ಬಂದು ಆರು ವಾರ ಇದ್ದಾಗಲೂ ಬದಲಾಗುತ್ತದೆ. ಅದಕ್ಕೆ ದಿನದ ಲೆಕ್ಕದ ಬಾಡಿಗೆ ಕಾರು ಸಿಗುತ್ತದೆ, ಅಷ್ಟೇ. ಕಾರು ಬೇಕೋ ಬೇಡವೋ ಎಂಬುದು ಅಲ್ಲಿ ಸಂಬಳದ ಪ್ರಶ್ನೆ ಆಗಿರುವುದಕ್ಕಿಂತ ಹೆಚ್ಚಾಗಿ, ಇನ್ನೆಷ್ಟು ದಿನ ಇರುತ್ತೇವೆ ಎಂಬ ಪ್ರಶ್ನೆ. ಅದಕ್ಕೆ ಖಚಿತ ಉತ್ತರ ಇರುವವರು ಕಡಿಮೆ. ರೈಲಿನಲ್ಲಿ ಓಡಾಡುವ ಮಗನ ಬಗ್ಗೆ ಮದುವೆ ಮನೆಯಲ್ಲಿ ಮುಜುಗರ ಪಟ್ಟುಕೊಳ್ಳುವ ತಂದೆತಾಯಿಗಳು ಇದಿಷ್ಟನ್ನು ತಿಳಿದಿದ್ದರೆ ಒಳ್ಳೆಯದು. ಅವನ ಪಕ್ಕದ ಸೀಟಿನಲ್ಲಿ ಅವನ ಮೇಲಧಿಕಾರಿಯೂ ಕುಳಿತಿರಬಹುದು.

ಸ್ಟಿಯರಿಂಗ್ ಹಿಡಿಯುವ ಮುನ್ನ

ಭಟ್ಕಳ, ಉಡುಪಿ, ಮಂಗಳೂರಿನ ಕಡೆಯಿಂದ ಕೊಲ್ಲಿ ದೇಶಗಳಿಗೆ ಹೋದವರು ಇದನ್ನೆಲ್ಲ ಓದಿ ನಗಬಹುದು. ದುಬೈಯಲ್ಲಿ ಕಾರು ಕೊಳ್ಳುವುದು ಅಷ್ಟು ಕಷ್ಟವಲ್ಲ. ಭಾರತದ ಲೈಸೆನ್ಸ್ ಇದ್ದವನು ಅಲ್ಲಿ ನೆಲೆಸಿ ಅಲ್ಲಿಯ ಲೈಸೆನ್ಸ್ ಪಡೆಯುವುದೇ ಕಷ್ಟ. ರಸ್ತೆಯ ಬಲಬದಿಯ ಓಟ, ರಸ್ತೆ ಪರೀಕ್ಷೆ, ಮತ್ತೆ ಮತ್ತೆ ಶುಲ್ಕ. ಸಿಂಗಪುರದಲ್ಲಿ ತದ್ವಿರುದ್ಧ. ಅಲ್ಲಿಯೂ ನಮ್ಮಂತೆ ಎಡಬದಿಯ ಓಟ, ಬಲಗಡೆ ಸ್ಟಿಯರಿಂಗ್. ಕೆಲಸಕ್ಕೆ ಹೋದವರು ಸಾಮಾನ್ಯವಾಗಿ ಮೊದಲ 12 ತಿಂಗಳು ತಮ್ಮ ದೇಶದ ಲೈಸೆನ್ಸಿನಲ್ಲೇ ಕಾರು ಓಡಿಸಬಹುದು. ಆಮೇಲೆ ಅಲ್ಲಿನದಕ್ಕೆ ಬದಲಾಯಿಸಿಕೊಳ್ಳಬೇಕು. ಅದಕ್ಕೆ ರಸ್ತೆ ನಿಯಮಗಳ ಲಿಖಿತ ಪರೀಕ್ಷೆ: 50 ಪ್ರಶ್ನೆ, ಪಾಸಾಗಲು 45 ಸರಿ ಉತ್ತರ. ಶೇ. 35ಕ್ಕೆ ಪಾಸು ಎಂದು ಬೆಳೆದ ನಮ್ಮವರಲ್ಲಿ ಕೆಲವರು ಇಲ್ಲಿ ಎಡವುವುದಿದೆ.

ಕಾರು ಬಂತು, ಲೈಸೆನ್ಸೂ ಬಂತು. ಇನ್ನು ರಸ್ತೆಗೇ ದುಡ್ಡು. 1975ರ ಕಾಗದದ ಚೀಟಿಯ ಜಾಗಕ್ಕೆ 1998ರಲ್ಲಿ ಎಲೆಕ್ಟ್ರಾನಿಕ್ ವ್ಯವಸ್ಥೆ ಬಂತು. ರಸ್ತೆಗೆ ಅಡ್ಡಲಾಗಿ ಕಟ್ಟಿದ ಕಮಾನಿನ ಕೆಳಗೆ ಕಾರು ಹಾದರೆ, ಒಳಗಿನ ಪೆಟ್ಟಿಗೆಯಿಂದ ಹಣ ತಾನೇ ಕಡಿತವಾಗುತ್ತದೆ. ಎಷ್ಟು ಎಂಬುದು ಹೊತ್ತು, ಜಾಗಗಳ ಮೇಲೆ ಹೋಗುತ್ತದೆ. ದರ ಗೊತ್ತುಮಾಡುವ ಸೂತ್ರ ಸೊಗಸಾಗಿದೆ: ಎಕ್ಸ್‌ಪ್ರೆಸ್ ರಸ್ತೆಗಳಲ್ಲಿ ಗಾಡಿಗಳ ವೇಗ ಗಂಟೆಗೆ 45ರಿಂದ 65 ಕಿ.ಮೀ., ನಗರದ ಮುಖ್ಯ ರಸ್ತೆಗಳಲ್ಲಿ 20ರಿಂದ 30 ಇರಬೇಕು. ವೇಗ ಅದಕ್ಕಿಂತ ಇಳಿದರೆ ಗಾಡಿ ಹೆಚ್ಚಾಯಿತೆಂದು ದರ ಏರಿಸುತ್ತಾರೆ. ವೇಗ ಮೇಲೆ ಹೋದರೆ ದರ ಇಳಿಸುತ್ತಾರೆ. ಇಸ್ತ್ರಿಪೆಟ್ಟಿಯೊಳಗಿನ ಥರ್ಮೋಸ್ಟಾಟ್ ಮಾಡುವ ಕೆಲಸವೇ ಇದು. ಅಲ್ಲಿ ಶಾಖ, ಇಲ್ಲಿ ಸಂಚಾರ. 2023ರ ಕೊನೆಯಲ್ಲಿ ಈ ಪೆಟ್ಟಿಗೆಗಳನ್ನು ತೆಗೆದು ಉಪಗ್ರಹ ಆಧಾರಿತ ಹೊಸ ಉಪಕರಣ ಕೂಡಿಸುವ ಕೆಲಸ ಶುರುವಾಯಿತು.

ಇಷ್ಟು ಖರ್ಚು ಮಾಡಿದವನು ಹೋಗುವುದಾದರೂ ಎಲ್ಲಿಗೆ? ದ್ವೀಪದ ಒಂದು ತುದಿಯಿಂದ ಇನ್ನೊಂದಕ್ಕೆ ಸುಮಾರು 50 ಕಿ.ಮೀ. ಅದು ಮುಗಿದರೆ ಸೇತುವೆ ದಾಟಿ ಮಲೇಷ್ಯಾ. ಅಲ್ಲಿ ಪೆಟ್ರೋಲು ಬಹಳ ಅಗ್ಗ. ಖಾಲಿ ಟ್ಯಾಂಕಿನಲ್ಲಿ ಹೋಗಿ ತುಂಬಿಸಿಕೊಂಡು ಬರುವ ಉಪಾಯ ಹೊಳೆಯದವರುಂಟೆ? ಸರ್ಕಾರಕ್ಕೂ ಹೊಳೆಯಿತು. ಸಿಂಗಪುರದ ಕಾರು ಗಡಿ ದಾಟುವಾಗ ಟ್ಯಾಂಕು ಅರ್ಧವಾದರೂ ತುಂಬಿರಬೇಕೆಂದು 1989ರಲ್ಲಿ ನಿಯಮ ಬಂತು. 1991ರಲ್ಲಿ ಅದು ಮುಕ್ಕಾಲಿಗೆ ಏರಿತು.

ಕಡೆಯದಾಗಿ ಬಿಟ್ಟುಕೊಡುವ ಲೆಕ್ಕ. ಹತ್ತು ವರ್ಷ ತುಂಬುವ ಮೊದಲೇ ಕಾರಿನ ನೋಂದಣಿ ರದ್ದು ಮಾಡಿಸಿದರೆ, ಹಕ್ಕುಪತ್ರದಲ್ಲಿ ಉಳಿದ ಅವಧಿಯ ಹಣ ಲೆಕ್ಕ ಹಾಕಿ ವಾಪಸು ಬರುತ್ತದೆ. 92,100 ಕೊಟ್ಟವನು ಐದು ವರ್ಷಕ್ಕೆ ರದ್ದು ಮಾಡಿಸಿದರೆ 46,050. ಹೆಚ್ಚುವರಿ ನೋಂದಣಿ ಶುಲ್ಕದಲ್ಲೂ ಒಂದು ಪಾಲು ಬರುತ್ತದೆ. ಕಾರಿಗೆ ವಯಸ್ಸಾದಷ್ಟೂ ಆ ಪಾಲು ಇಳಿಯುತ್ತದೆ. ಲೆಕ್ಕ ನಡೆಯುವುದು ತಾನು ಕೊಟ್ಟ ಬೆಲೆಯ ಮೇಲೆ, ಇವತ್ತಿನ ಹರಾಜಿನ ಬೆಲೆಯ ಮೇಲಲ್ಲ. ಹಾಗಾಗಿ ಈ ನಡುವೆ ಹರಾಜಿನ ಬೆಲೆ ಕುಸಿದಿದ್ದರೆ, ಎಂಜಿನ್ನಿನಲ್ಲಿ ಒಂದು ಅಪಶ್ರುತಿ ಇಲ್ಲದ ಕಾರನ್ನೂ ಮಾರುವುದಕ್ಕಿಂತ ರದ್ದು ಮಾಡಿಸುವುದೇ ಲಾಭವಾಗಿಬಿಡುತ್ತದೆ. ಹತ್ತು ವರ್ಷ ದಾಟಿ ಇಟ್ಟುಕೊಳ್ಳಬೇಕೆಂದರೆ ಹಿಂದಿನ ಮೂರು ತಿಂಗಳ ಹರಾಜುಗಳ ಸರಾಸರಿ ಕಟ್ಟಿ ಐದು ಅಥವಾ ಹತ್ತು ವರ್ಷಕ್ಕೆ ನವೀಕರಿಸಬಹುದು. ಆಗ ಶುಲ್ಕದ ಪಾಲಿನ ಆಸೆ ಬಿಡಬೇಕು.

ರದ್ದಾದ ಕಾರನ್ನು ಒಂದು ತಿಂಗಳೊಳಗೆ ಗುಜರಿಗೆ ಹಾಕಬೇಕು, ಇಲ್ಲವೇ ದೇಶದಿಂದ ಆಚೆ ಕಳಿಸಬೇಕು. ಬಲಗಡೆ ಸ್ಟಿಯರಿಂಗ್ ಇರುವ ಬೇರೆ ದೇಶಗಳಿಗೆ ಇಂಥ ಕಾರುಗಳು ಹಡಗು ಹತ್ತುತ್ತವೆ. ಅಲ್ಲಿ ಇಳಿದ ಮೇಲೆ ಅವು ಮತ್ತೆ ಸಾಧಾರಣ ಕಾರುಗಳು, ಕಬ್ಬಿಣ, ರಬ್ಬರು, ಗಾಜಿನ ಬೆಲೆಗೆ.